ಮರಳಿ ಚಿಗುರುವ ಕಾಲು

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿರುವ ನಿಡಘಟ್ಟವು ಮದ್ದೂರು ತಾಲ್ಲೂಕಿನ ಒಂದು ಗ್ರಾಮ. ಇದು ಕಬ್ಬು, ಬತ್ತಗಳ ಸೀಮೆ. ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವಾಗ ತುಸು ಮೈಮರೆತರೂ ಕೈಬೆರಳು ಹೋಗುವುದುಂಟು. ಹಾಗೆ ಹೋದ ಬೆರಳು ಮತ್ತೆ ಬೆಳೆಯದು. ಆದರೆ ಮಳೆಗಾಲದಲ್ಲಿ ಗದ್ದೆಯ ನೀರಿನಲ್ಲಿ ಈಜುವ ಗೊದಮೊಟ್ಟೆಯನ್ನು ನೀವು ನೋಡಿರಬಹುದು. ಅದರ ಎಳೆಯ ಹಿಂಗಾಲು ತುಂಡಾದರೆ ಮತ್ತೆ ಚಿಗುರಬಲ್ಲುದು. ಈ ವ್ಯತ್ಯಾಸಕ್ಕೆ ಕಾರಣವೇನು?

ಸಲಮಾಂಡರ್ ಎಂಬ ಉಭಯಚರವು ಕಳೆದುಕೊಂಡ ಕಾಲನ್ನು ಮತ್ತೆ ಪಡೆಯುವುದೆಂದು ಇಟಲಿಯ ಸ್ಪಲ್ಲಂಜಾನಿ 1768ರಲ್ಲಿಯೇ ತಿಳಿಸಿದನು. ಗಾಯವನ್ನು ಮೊದಲು ತೆಳುವಾದ ಚರ್ಮವು ಮುಚ್ಚುತ್ತದೆ. ಅದರ ಕೆಳಗೆ ಜೀವಕೋಶಗಳು ಒಟ್ಟುಗೂಡಿ ಮೊಗ್ಗಿನಂತಾಗುತ್ತವೆ. ಆ ಮೊಗ್ಗಿನಿಂದಲೇ ಮೂಳೆ, ಸ್ನಾಯು, ಬೆರಳುಗಳು ರೂಪುಗೊಳ್ಳುತ್ತವೆ.

ಆದರೆ ಮೂಳೆ ಸ್ನಾಯುಗಳಿಷ್ಟೇ ಸೇರಿದರೆ ಕಾಲಾಗದು. ಗದ್ದೆಗೆ ನೀರುಣಿಸುವ ಕಾಲುವೆಯಷ್ಟೇ ಹೆಚ್ಚಿನ ನೀರನ್ನು ಸಾಗಿಸುವ ಬಸಿಗಾಲುವೆಯೂ ಅಗತ್ಯವಷ್ಟೆ. ದೇಹದಲ್ಲಿ ಈ ಬಸಿಗಾಲುವೆಯ ಕೆಲಸವನ್ನು ದುಗ್ಧರಸ ಮಂಡಲವು ಮಾಡುತ್ತದೆ. ರಕ್ತನಾಳಗಳಿಂದ ಒಸರಿ ಜೀವಕೋಶಗಳ ನಡುವೆ ನಿಂತ ದ್ರವವನ್ನು ಅದು ಮರಳಿ ರಕ್ತಕ್ಕೆ ಸೇರಿಸುತ್ತದೆ. ಅದಕ್ಕೆ ತಡೆಯುಂಟಾದರೆ ಅಂಗವು ಊದಿಕೊಳ್ಳುತ್ತದೆ. ಮನುಷ್ಯರ ಆನೆಕಾಲು ರೋಗವೇ ಇದಕ್ಕೆ ಸಾಕ್ಷಿ. ಕಪ್ಪೆಯ ಸಡಿಲವಾದ ಚರ್ಮದಡಿಯಲ್ಲಿ ದುಗ್ಧರಸದ ವಿಶಾಲವಾದ ಚೀಲಗಳಿವೆ. ಆ ರಸವನ್ನು ಮುಂದೂಡಲು ನಾಲ್ಕು ಪುಟ್ಟ ದುಗ್ಧರಸ ಹೃದಯಗಳು ಮಿಡಿಯುತ್ತವೆಂದು ಜರ್ಮನಿಯ ಯೊಹಾನೆಸ್ ಮುಲ್ಲರ್ 1833ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದನು. ಹೊಸ ಕಾಲು ಬಾಳಬೇಕಾದರೆ ಅದರಲ್ಲಿ ರಕ್ತನಾಳ, ನರಗಳೊಡನೆ ದುಗ್ಧರಸದ ದಾರಿಗಳೂ ಮೂಡಬೇಕು.

ರಕ್ತ ಮತ್ತು ದುಗ್ಧರಸಗಳೊಡನೆ ದೇಹದ ಕಾವಲುಗಾರರಾದ ಕೋಶಗಳೂ ಸಂಚರಿಸುತ್ತವೆ. ಅಂಗಾಂಶಗಳಲ್ಲಿ ನೆಲಸುವ ಭಕ್ಷಕ ಕೋಶಗಳು ಇಂಥವು. ಅವು ಗಾಯದಲ್ಲಿನ ಸತ್ತ ಕೋಶಗಳನ್ನೂ ರೋಗಾಣುಗಳನ್ನೂ ನುಂಗಿ ಶುಚಿಗೊಳಿಸುತ್ತವೆ. ಆಸ್ಟ್ರೇಲಿಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೊದಲೇ ಈ ಕೋಶಗಳನ್ನು ನಾಶಪಡಿಸಿದಾಗ ಸಲಮಾಂಡರ್‌ನ ಕಾಲು ಬೆಳೆಯಲಿಲ್ಲ. ಗಾಯವು ಗಟ್ಟಿಯಾದ ಕಲೆಯಾಗಿ ಉಳಿಯಿತು. ಆ ಕೋಶಗಳು ಮತ್ತೆ ತುಂಬಿಕೊಂಡ ಬಳಿಕ ಅದೇ ಮೊಂಡುಕಾಲನ್ನು ಪುನಃ ಕತ್ತರಿಸಿದಾಗ ಹೊಸ ಕಾಲು ಬೆಳೆಯಿತು.

ಗೊದಮೊಟ್ಟೆಯು ಕಪ್ಪೆಯಾಗುತ್ತ ಬಂದಂತೆ ಈ ಶಕ್ತಿಯು ಕುಗ್ಗುತ್ತದೆ. ಬೆಳೆದ ಆಫ್ರಿಕದ ಉಗುರುಕಪ್ಪೆಯ ಕಾಲು ಹೋದರೆ ಮೃದ್ವಸ್ಥಿಯ ಮುಳ್ಳೊಂದು ಮಾತ್ರ ಮೂಡುತ್ತದೆ. ಆದರೆ 2022ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದು ಹೊಸ ಸಂಗತಿಯನ್ನು ಪ್ರಕಟಿಸಿದರು. ಇಂಥ ಕಪ್ಪೆಯ ಗಾಯಕ್ಕೆ ಐದು ಔಷಧಿಗಳಿದ್ದ ಮುಚ್ಚಳವನ್ನು ಕೇವಲ 24 ಗಂಟೆ ತೊಡಿಸಲು, ಸುಮಾರು ಹದಿನೆಂಟು ತಿಂಗಳಲ್ಲಿ ಬಹುಮಟ್ಟಿಗೆ ಉಪಯೋಗಕ್ಕೆ ಬರುವ ಕಾಲು ಬೆಳೆಯಿತು. ಅದು ಪೂರ್ಣವಾದ ಕಾಲಲ್ಲ; ಬೆರಳುಗಳಂಥ ಚಾಚುಗಳಿದ್ದರೂ ಅವುಗಳಲ್ಲಿ ಮೂಳೆಯಿರಲಿಲ್ಲ. ಆದರೂ ಕುಗ್ಗಿದ ಶಕ್ತಿಯನ್ನು ಪುನಃ ಎಚ್ಚರಿಸಬಹುದೆಂಬುದು ಇದರಿಂದ ಸ್ಪಷ್ಟವಾಯಿತು.

ಗಾಣದಲ್ಲಿ ಬೆರಳು ಕಳೆದುಕೊಂಡವರಿಗೆ ಈ ವಿದ್ಯೆಯು ಇಂದು ನೆರವಾಗಲಾರದು. ಆದ್ದರಿಂದ ಗಾಣದ ಮುಂದೆ ಎಚ್ಚರಿಕೆಯೇ ನಮಗೆ ರಕ್ಷೆ. ಆದರೆ ಮನುಷ್ಯನ ಗಾಯವನ್ನು ಕಲೆಯಾಗಲು ಬಿಡದೆ ಚಿಗುರಿಸುವ ದಾರಿಯನ್ನು ಅರಸುವವರಿಗೆ, ಗದ್ದೆಯ ನೀರಿನ ಈ ಪುಟ್ಟ ಜೀವಿಯೂ ಗುರುವಾಗಬಲ್ಲುದು.