ಆಮೆಗೆ ಪಾಠ ಹೇಳಿದ ಮಕ್ಕಳು

ಶಾಲೆಯ ಕೊಠಡಿಯ ನೆಲದ ಮೇಲೆ ಅಗಲವಾದ ಬಿಳಿಯ ಕಾಗದವನ್ನು ಹಾಸಿದೆ. ಅದರ ಮೇಲೆ, ಬೋರಲು ಹಾಕಿದ ಬೋಗುಣಿಯನ್ನು ಹೋಲುವ ಯಂತ್ರವೊಂದು ಕುಳಿತಿದೆ. ಅದಕ್ಕೆ ಗಾಲಿಗಳುಂಟು, ಹೊಟ್ಟೆಯ ಕೆಳಗೆ ಒಂದು ಲೇಖನಿಯುಂಟು. ಉದ್ದನೆಯ ತಂತಿಯೊಂದು ಅದನ್ನು ಗಣಕಯಂತ್ರಕ್ಕೆ ಸೇರಿಸಿದೆ. ಬಾಲಕಿಯೊಬ್ಬಳು ಕೀಲಿಮಣೆಯ ಮುಂದೆ ಕುಳಿತು 'ಮುಂದೆ 100' ಎಂದು ಆಜ್ಞೆ ಕೊಡುತ್ತಾಳೆ. ಯಂತ್ರವು ಗೆರೆಯೆಳೆಯುತ್ತ ನೂರು ಪುಟ್ಟ ಹೆಜ್ಜೆಗಳಷ್ಟು ಸಾಗಿ ನಿಲ್ಲುತ್ತದೆ. 'ಬಲಕ್ಕೆ 90' ಎಂದೊಡನೆ ನಿಂತಲ್ಲಿಯೇ ತಿರುಗುತ್ತದೆ. ಈ ಎರಡು ಆಜ್ಞೆಗಳನ್ನು ನಾಲ್ಕು ಸಲ ಕೊಟ್ಟರೆ ಕಾಗದದ ಮೇಲೆ ಚೌಕವೊಂದು ಮೂಡುತ್ತದೆ. 1970ರ ಸುಮಾರಿಗೆ ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿ ಮಕ್ಕಳ ಮುಂದೆ ಹೀಗೆ ಓಡಾಡಿದ ಯಂತ್ರಕ್ಕೆ 'ಆಮೆ' ಎಂದೇ ಹೆಸರು.

ಆ ಕಾಲದಲ್ಲಿ ಗಣಕಯಂತ್ರವೆಂದರೆ ವಿಶ್ವವಿದ್ಯಾನಿಲಯಗಳಲ್ಲಿಯೂ ದೊಡ್ಡ ಸಂಸ್ಥೆಗಳಲ್ಲಿಯೂ ಮಾತ್ರ ಕಾಣಸಿಗುತ್ತಿದ್ದ ದುಬಾರಿ ಸಾಧನ. ಅದನ್ನು ಸಣ್ಣ ಮಕ್ಕಳ ಕೈಗೆ ಕೊಡಬೇಕೆಂದು ವಾದಿಸಿದವರಲ್ಲಿ ಸೀಮೋರ್ ಪ್ಯಾಪರ್ಟ್ ಪ್ರಮುಖರು. 1928ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ಜನಿಸಿದ ಇವರು ಗಣಿತಜ್ಞರು. ಎಳೆಯ ವಯಸ್ಸಿನಲ್ಲಿಯೇ ಇವರಿಗೆ ಮೋಟಾರು ಗಾಡಿಯ ಹಲ್ಲುಚಕ್ರಗಳೆಂದರೆ ಪ್ರಾಣ. ಒಂದು ಚಕ್ರ ತಿರುಗಿದರೆ ಇನ್ನೊಂದು ಎಷ್ಟು ತಿರುಗೀತೆಂದು ಮನಸ್ಸಿನಲ್ಲಿಯೇ ಆಡಿಸಿ ನೋಡುವರು. ಮುಂದೆ ಶಾಲೆಯಲ್ಲಿ ಮಗ್ಗಿ ಬಂದಾಗಲೂ ಸಮೀಕರಣ ಬಂದಾಗಲೂ ಆ ಚಕ್ರಗಳೇ ಅವರಿಗೆ ದಾರಿ ತೋರಿದವು. ಅನಂತರ ಅವರು ಜಿನೀವಾ ನಗರದಲ್ಲಿ, ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುರಿತು ಜೀವಮಾನವಿಡೀ ಅಭ್ಯಾಸ ಮಾಡಿದ ಜೀನ್ ಪಿಯಾಜೆಯವರೊಡನೆ ಕೆಲಸ ಮಾಡಿದರು. ತಮಗೆ ಹಲ್ಲುಚಕ್ರಗಳು ಒದಗಿದಂತೆ ಪ್ರತಿಯೊಂದು ಮಗುವಿಗೂ ಯೋಚಿಸಲು ಒಂದು ಆಟಿಕೆ ಬೇಕೆಂಬ ಹಂಬಲ ಅವರಲ್ಲಿ ಬೆಳೆಯಿತು. 1967ರಲ್ಲಿ ವಾಲೇಸ್ ಫರ್ಜೈಗ್, ಸಿಂಥಿಯಾ ಸಾಲಮನ್ ಮೊದಲಾದವರೊಡನೆ ಸೇರಿ ಅವರು 'ಲೋಗೋ' ಎಂಬ ಗಣಕಭಾಷೆಯನ್ನು ರೂಪಿಸಿದರು. ಆಮೆ ಕೇಳುವುದು ಆ ಭಾಷೆಯ ಮಾತನ್ನು.

ಚೌಕ ಸುಲಭ. ತ್ರಿಕೋನದಲ್ಲಿ ಮಕ್ಕಳು ಎಡವುತ್ತಾರೆ. ಸಮಬಾಹು ತ್ರಿಕೋನದ ಒಳಗೋನ 60 ಡಿಗ್ರಿಯೆಂದು ಕಲಿತ ಬಾಲಕನು 'ಬಲಕ್ಕೆ 60' ಎಂದೇ ಆಜ್ಞೆ ಕೊಡುತ್ತಾನೆ. ಮೂರು ಗೆರೆಗಳು ಮುಗಿದರೂ ಆಕೃತಿ ಕೂಡಿಕೊಳ್ಳುವುದಿಲ್ಲ, ಬಾಯ್ದೆರೆದುಕೊಂಡೇ ನಿಲ್ಲುತ್ತದೆ. ಇನ್ನೂ ಮೂರು ಗೆರೆಗಳನ್ನೆಳೆಸಿದರೆ ಕೇಳದೆಯೇ ಷಟ್ಕೋನ ಬರುತ್ತದೆ! ಆಗ ಅವನು ತಾನೇ ಆಮೆಯಾಗಿ ನೆಲದ ಮೇಲೆ ನಡೆದು ನೋಡಬೇಕು. ನಡೆದಾಗ ಕಾಣುವುದಿಷ್ಟು: ಮೂಲೆಯಲ್ಲಿ ಕಾಲು ತಿರುಗಬೇಕಾದದ್ದು ಒಳಗಿನ ಕೋನದಷ್ಟಲ್ಲ, ಹೊರಗಿನ ಕೋನದಷ್ಟು, ಎಂದರೆ 120 ಡಿಗ್ರಿ. ಹೊರಟ ಸ್ಥಳಕ್ಕೆ ಹೊರಟ ಮುಖದಲ್ಲಿಯೇ ಮರಳಿ ನಿಲ್ಲುವಷ್ಟರಲ್ಲಿ ಅವನು ತಿರುಗಿದ್ದು ಒಟ್ಟು 360 ಡಿಗ್ರಿ. ರೇಖಾಗಣಿತದ ಈ ನಿಯಮವನ್ನು ಅವನಿಗೆ ಯಾರೂ ಬಾಯಿಪಾಠ ಮಾಡಿಸಲಿಲ್ಲ.

ಚೌಕವೂ ತ್ರಿಕೋನವೂ ಕೈವಶವಾದ ಮೇಲೆ ಮನೆ ಕಟ್ಟುವ ಆಸೆ. ಚೌಕವೇ ಗೋಡೆ, ತ್ರಿಕೋನವೇ ಛಾವಣಿ. ಒಂದರ ಹಿಂದೆ ಒಂದನ್ನು ಬರೆಸಿದರೆ ಛಾವಣಿಯು ಮನೆಯ ಒಳಗೇ ಬಿದ್ದಿರುತ್ತದೆ! ಮಕ್ಕಳು ನಗುತ್ತಾರೆ. ಚೌಕವನ್ನು ಮುಗಿಸಿದ ಆಮೆ ಮನೆಯ ಬುಡದಲ್ಲಿಯೇ ನಿಂತಿದೆ, ಅದನ್ನು ಗೋಡೆಯ ತುದಿಗೇರಿಸಿ 30 ಡಿಗ್ರಿ ಬಲಕ್ಕೆ ವಾಲಿಸಬೇಕು ಎಂಬುದು ಸ್ವಲ್ಪ ಹೊತ್ತಿನ ಮೇಲೆ ಹೊಳೆಯುತ್ತದೆ. ಇಂತಹ ದೋಷಕ್ಕೆ ಗಣಕವಿದ್ಯೆಯಲ್ಲಿ 'ಬಗ್' ಎನ್ನುತ್ತಾರೆ. ಹುಳು ಎಂದು ಆ ಮಾತಿನ ಅರ್ಥ. ಕಾಳಿಗೆ ಹುಳು ಬಿದ್ದರೆ ಆರಿಸಿ ತೆಗೆಯುತ್ತಾರೆಯೇ ಹೊರತು ಮೂಟೆಯನ್ನೇ ಯಾರೂ ಎಸೆಯುವುದಿಲ್ಲ. ಆದರೆ ತರಗತಿಯಲ್ಲಿ ನಡೆಯುವುದೇನು? ಲೆಕ್ಕ ತಪ್ಪಿತೆಂದರೆ ಕೆಂಪು ಶಾಯಿಯ ಗೀಟು ಬೀಳುತ್ತದೆ, ಅಂಕ ಹೋಗುತ್ತದೆ. ಮಗು ಅಂಗೈಯಿಂದ ಸ್ಲೇಟನ್ನು ಮರೆಮಾಡಲು ಕಲಿಯುತ್ತದೆ. ಪ್ಯಾಪರ್ಟರ ಮನಸ್ಸಿಗೆ ನಾಟಿದ್ದು ಈ ಹೆದರಿಕೆಯೇ. 1980ರಲ್ಲಿ ಪ್ರಕಟವಾದ 'ಮೈಂಡ್‌ಸ್ಟಾರ್ಮ್ಸ್' ಗ್ರಂಥದಲ್ಲಿ ಅವರು ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಯಂತ್ರವು ಮಗುವನ್ನು ಆಡಿಸಬಾರದು, ಮಗುವೇ ಯಂತ್ರವನ್ನು ಆಡಿಸಬೇಕು ಎಂಬುದು ಅವರ ವಾದದ ತಿರುಳು.

ಆಮೆ ನೆಲವನ್ನು ಬಿಟ್ಟು ಗಣಕದ ಪರದೆಯನ್ನು ಸೇರಿತು. 1980ರ ದಶಕದಲ್ಲಿ ಅನೇಕ ದೇಶಗಳ ಶಾಲೆಗಳನ್ನು ಹೊಕ್ಕಿತು. ಹೋದಲ್ಲೆಲ್ಲ ಅದರ ಜೀವ ಉಳಿಯಲಿಲ್ಲವೆನ್ನಬೇಕು. ಆಜ್ಞೆಗಳನ್ನು ಹಲಗೆಯ ಮೇಲೆ ಬರೆದು ಕಂಠಪಾಠ ಮಾಡಿಸಿದರೆ ಆಮೆಯೂ ಇನ್ನೊಂದು ಮಗ್ಗಿಯಾಗುತ್ತದೆ. ನ್ಯೂಯಾರ್ಕ್ ನಗರದ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ಸಂಶೋಧಕರು 1984ರ ಸುಮಾರಿಗೆ ಪರೀಕ್ಷಿಸಿ ನೋಡಿದಾಗ, ಲೋಗೋ ಕಲಿತ ಮಕ್ಕಳು ಬೇರೆ ಕೆಲಸಗಳನ್ನು ಯೋಜಿಸುವುದರಲ್ಲಿ ಉಳಿದ ಮಕ್ಕಳಿಗಿಂತ ಮುಂದಿರಲಿಲ್ಲ. ಯಂತ್ರವನ್ನು ತಂದಿಟ್ಟರೆ ಸಾಕು, ಬುದ್ಧಿ ತಾನಾಗಿಯೇ ಬೆಳೆಯುವುದೆಂದು ನಂಬಿದವರಿಗೆ ಇದು ಕಹಿಯಾಗಿತ್ತು. ಪ್ಯಾಪರ್ಟರು 2016ರಲ್ಲಿ ತೀರಿಕೊಂಡರು. ಅದಕ್ಕೆ ಎರಡು ವರ್ಷ ಮೊದಲು, 2014ರ ಸೆಪ್ಟೆಂಬರಿನಿಂದ, ಇಂಗ್ಲೆಂಡಿನ ಪಠ್ಯಕ್ರಮದಲ್ಲಿ ಐದರಿಂದ ಏಳು ವರ್ಷದ ಮಕ್ಕಳಿಗೂ ಗಣಕವಿದ್ಯೆ ಸೇರಿತು. ಸರಳವಾದ ಆಜ್ಞೆಗಳನ್ನು ರಚಿಸುವುದರ ಜೊತೆಗೆ ಅವುಗಳ ದೋಷವನ್ನು ಹುಡುಕಿ ತಿದ್ದುವುದನ್ನೂ ಅಲ್ಲಿ ಪಾಠವೆಂದೇ ಎಣಿಸಲಾಗಿದೆ. ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಈ ವಿದ್ಯೆಗೆ ಆರನೆಯ ತರಗತಿಯಿಂದ ಆರಂಭವಾಗುವ ಹಂತದಲ್ಲಿ ಸ್ಥಾನ ಕೊಟ್ಟಿದೆ.

ಗಣಕಯಂತ್ರವಿಲ್ಲದ ಶಾಲೆಯಲ್ಲಿಯೂ ಈ ಆಟವನ್ನು ಆಡಬಹುದು. ಅಂಗಳದಲ್ಲಿ ಒಬ್ಬಳು ಆಮೆಯಾಗಿ ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಅವಳ ಗೆಳತಿ ಆಜ್ಞೆ ಕೊಡುತ್ತಾಳೆ. ಹೇಳಿದಷ್ಟನ್ನು ಮಾತ್ರ ಮಾಡಬೇಕು, ಹೇಳದ್ದನ್ನು ಊಹಿಸಬಾರದು ಎಂಬುದೊಂದೇ ನಿಯಮ. 'ಮುಂದೆ ಹತ್ತು' ಎಂದ ಗೆಳತಿ ಎಂಟನೆಯ ಹೆಜ್ಜೆಗೆ ಹೂವಿನ ಪಾತಿ ಇದೆಯೆಂಬುದನ್ನು ಮರೆತಿದ್ದಾಳೆ. ಆಮೆಯ ಕಾಲಿಗೆ ಕೆಸರಾಗುತ್ತದೆ; ಎಲ್ಲರೂ ನಗುತ್ತಾರೆ. ಆಜ್ಞೆ ಕೊಟ್ಟವಳು ಓಡಿಬಂದು ಗೆಳತಿಯನ್ನು ಮೊದಲಿನ ಜಾಗದಲ್ಲಿ ನಿಲ್ಲಿಸಿ, ಪಾತಿಯವರೆಗಿನ ಹೆಜ್ಜೆಗಳನ್ನು ಮತ್ತೊಮ್ಮೆ ಎಣಿಸತೊಡಗುತ್ತಾಳೆ.