ನೂಲಿನ ಲಗಾಮು

ಮೈಸೂರು, ಬುಧವಾರ

ಪುಟ್ಟಿ,

ನೀನು ಕುದುರೆ ಹತ್ತುತ್ತೀಯ ಅಂತ ಕೇಳಿದಾಗಿನಿಂದ ನಿನ್ನ ಅಜ್ಜಿ ದೇವರ ಮುಂದೆ ಐದು ನಿಮಿಷ ಹೆಚ್ಚಿಗೆ ನಿಲ್ಲುತ್ತಾಳೆ. ನನಗೋ ಖುಷಿ. ಆದರೆ ಫೋನಿನಲ್ಲಿ ನೀನು ಅಂದ ಮಾತು ತಲೆಯಲ್ಲೇ ಕೂತಿದೆ: “ಎಷ್ಟು ಎಳೆದರೂ ನಿಲ್ಲಲ್ಲ ತಾತ, ಇದರ ಬಾಯಿ ಕಲ್ಲು. ಇನ್ನೂ ಬಿರುಸಾದ ಕಡಿವಾಣ ಹಾಕಿಸಲಾ?”

ಬೇಡಮ್ಮ. ಕಲ್ಲುಬಾಯಿ ಹೊತ್ತುಕೊಂಡು ಯಾವ ಮರಿಯೂ ಹುಟ್ಟುವುದಿಲ್ಲ. ಕುದುರೆಯ ಮುಂದಿನ ಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಜಾಗವೊಂದಿದೆ. ಕಡಿವಾಣ ಕೂರುವುದು ಅಲ್ಲಿ. ಎಲುಬಿನ ಮೇಲೆ ತೆಳ್ಳನೆ ವಸಡು, ಅಷ್ಟೇ. ನೊಣ ಕೂತರೆ ಅಷ್ಟು ಜಾಗದ ಚರ್ಮವನ್ನು ಮಾತ್ರ ಅದುರಿಸಿ ಓಡಿಸುವ ಪ್ರಾಣಿಗೆ ನಿನ್ನ ಬೆರಳು ಗೊತ್ತಾಗದೇ? ನಡೆದರೂ ನೋವು, ನಿಂತರೂ ನೋವು ಅಂತಾದಾಗ ಅದು ಯಾಕೆ ನಿಲ್ಲಬೇಕು ಹೇಳು. ಕುತ್ತಿಗೆ ಬಿಗಿದು ಎದುರು ಎಳೆಯುತ್ತದೆ. 450 ಕಿಲೋದ ಜೊತೆ ಹಗ್ಗಜಗ್ಗಾಟಕ್ಕೆ ನಿಂತು ಗೆದ್ದವರನ್ನು ನಾನು ಕಂಡಿಲ್ಲ.

ನೀನು ಲಗಾಮು ಸಡಿಲಿಸಿದ ಗಳಿಗೆಯಲ್ಲಿ ಕುದುರೆ ಏನು ಮಾಡುತ್ತಿತ್ತೋ, ಅದನ್ನೇ ಅದು ಸರಿಯುತ್ತರ ಅಂತ ತಿಳಿಯುತ್ತದೆ. ನಿಂತ ಮೇಲೂ ಹಿಡಿದೇ ಇದ್ದೆಯೋ, ಪಾಠ ಕೆಟ್ಟಿತು. ಫ್ರಾನ್ಸಿನ ಗೆರಿನಿಯೇರ್ 1733ರಲ್ಲಿ ಹೊರತಂದ ಸವಾರಿಯ ಪುಸ್ತಕದಲ್ಲಿ ಹೀಗೆ ಕೈ ಇಳಿಸಿ ಬಿಟ್ಟುಕೊಡುವುದನ್ನೇ ಕುದುರೆಗೆ ಕೊಡುವ ಬಹುಮಾನ ಎಂದು ಕಲಿಸಿದ್ದಾನೆ. ವಿಯೆನ್ನಾದ ಸ್ಪ್ಯಾನಿಷ್ ಸವಾರಿ ಶಾಲೆಗೆ ಇಂದಿಗೂ ಅವನೇ ಗುರು. ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ ಗ್ರೀಸಿನ ಜೆನೊಫೋನ್, ಸಿಟ್ಟು ಇಟ್ಟುಕೊಂಡು ಕುದುರೆಯ ಹತ್ತಿರ ಹೋಗಬಾರದೆಂದು ಎಚ್ಚರಿಸಿದ್ದ. ಇವರ ಹೆಸರೆಲ್ಲ ನನಗೆ ಗೊತ್ತಾದದ್ದು ನಿವೃತ್ತಿಯಾದ ಮೇಲೆ. ನನಗೆ ಕಲಿಸಿದ್ದು ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ ಒಬ್ಬ ಸಾಯಿಸ್.

ಆಗ ನನಗೆ ಇಪ್ಪತ್ತೆರಡು. ತೋಳಿನ ಬಲದ ಮೇಲೆ ಭಾರಿ ಹೆಮ್ಮೆ. ಕಂದು ಬಣ್ಣದ ಹೆಣ್ಣು ಕುದುರೆಯೊಂದರ ಬಾಯಿಯನ್ನು ಮೂರೇ ತಿಂಗಳಲ್ಲಿ ಕೆಡಿಸಿದೆ. ಒಂದು ದಿನ ನೊರೆಯಲ್ಲಿ ರಕ್ತ ಕಂಡಿತು. ಸಾಯಿಸ್ ಬೈಯಲಿಲ್ಲ. ಗಾಯ ಮಾಯುವವರೆಗೆ ಅವಳ ಮೇಲೆ ಯಾರನ್ನೂ ಹತ್ತಿಸಲಿಲ್ಲ. ಆಮೇಲೆ ಹುರುಳಿ ಬೇಯುತ್ತಿದ್ದ ಹಂಡೆಯ ಪಕ್ಕ ಕೂತು, ಕಡಿವಾಣದ ಬಳೆಗಳಿಗೆ ಹೊಲಿಗೆ ನೂಲು ಕಟ್ಟಿದ. ಚರ್ಮದ ಲಗಾಮನ್ನು ಅವಳ ಕತ್ತಿನ ಮೇಲೆ ಬಿಟ್ಟು, “ಇನ್ನು ಇದರಲ್ಲಿ ಓಡಿಸು ಮಗ, ಕಿತ್ತುಹೋದರೆ ಲದ್ದಿ ಬಾಚು” ಅಂದ.

ಮೊದಲ ದಿನ ಹನ್ನೊಂದು ಸಲ ಕಿತ್ತುಹೋಯಿತು. ಲಾಯ ಅವತ್ತಿನಷ್ಟು ಚೊಕ್ಕಟ ಎಂದೂ ಇರಲಿಲ್ಲ. ಬೇರೆ ದಾರಿಯಿಲ್ಲದೆ ಕಲಿತೆ: ಮೊದಲು ಉಸಿರು ಬಿಡುವುದು, ಆಮೇಲೆ ಸೊಂಟವನ್ನು ತಡಿಯೊಳಕ್ಕೆ ಇಳಿಬಿಡುವುದು, ಕಡೆಗೆ ಉಂಗುರದ ಬೆರಳನ್ನಷ್ಟೇ ಮಡಚುವುದು. ಐದಾರು ವಾರದ ಮೇಲೆ ಒಂದು ಬೆಳಿಗ್ಗೆ ನಾನು ಉಸಿರು ಬಿಟ್ಟೆ, ಅಷ್ಟಕ್ಕೇ ನಿಂತಳು. ಒಂದು ಕಿವಿ ನನ್ನ ಕಡೆ ತಿರುಗಿತ್ತು.

ಕಾಲಿನದೂ ಇದೇ ಲೆಕ್ಕ. ಹೆಜ್ಜೆಹೆಜ್ಜೆಗೂ ಹಿಮ್ಮಡಿಯಿಂದ ತಿವಿದರೆ ಪಕ್ಕೆ ಕಿವುಡಾಗುತ್ತದೆ. ಮೀನಖಂಡದಿಂದ ಒಮ್ಮೆ ಮೆಲ್ಲಗೆ ಒತ್ತು. ಹೊರಟಿತೋ, ಕಾಲು ಸುಮ್ಮನಾಗಲಿ.

ಇದೆಲ್ಲಕ್ಕೂ ಮೊದಲು ನಿನ್ನ ಕುದುರೆಯ ಹಲ್ಲು ನೋಡಿಸು. ಕುದುರೆಯ ಮೇಲ್ದವಡೆ ಅಗಲ, ಕೆಳದವಡೆ ಕಿರಿದು. ಹಾಗಾಗಿ ಮೇಲಿನ ಹಲ್ಲಿನ ಹೊರಗಿನ ಅಂಚು ಸವೆಯದೆ ಚೂಪಾಗಿ ಕೆನ್ನೆಯನ್ನು ಕೊಯ್ಯುತ್ತದೆ. ಪಶುವೈದ್ಯರು ಅರದಿಂದ ಉಜ್ಜಿ ನಯ ಮಾಡುತ್ತಾರೆ. ಮೊಂಡು ಅಂತ ಹೆಸರು ಹೊತ್ತ ಎಷ್ಟೋ ಕುದುರೆಗಳು ಅಷ್ಟರಲ್ಲೇ ದಾರಿಗೆ ಬಂದದ್ದನ್ನು ನೋಡಿದ್ದೇನೆ.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ನೂಲಿನ ಉಂಡೆ ಒಂದು ಚೀಲದಲ್ಲಿ ಇಟ್ಟಾಗಿದೆ. ಅಜ್ಜಿಯ ಹೊಲಿಗೆ ಡಬ್ಬಿಯದು, ಅವಳಿಗೆ ಹೇಳಬೇಡ.

ನಿನ್ನ ತಾತ