ಹೆಸರು ನಿಂತು ಅಧಿಕಾರ ಹೋದ ಬಗೆ
(ಊರೂರಿನಲ್ಲಿ ಕೂಡಿ ಓದತಕ್ಕ ಚರಿತ್ರೆಯ ಪಾಠ)



ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಓದುವಾಗಲೆಲ್ಲಾ ಔಗುಸ್ತನೆಂಬ ಹೆಸರು ನಮ್ಮ ಕಿವಿಗೆ ಬೀಳುತ್ತದೆ. ಆತನ ಅಪ್ಪಣೆಯ ನಿಮಿತ್ತ ಯೋಸೇಫನಂಥ ಬಡ ಬಡಗಿಯೂ ಖಾನೇಷುಮಾರಿಗೋಸ್ಕರ ಬೇತ್ಲೆಹೇಮಿಗೆ ಹೊರಡಬೇಕಾಯಿತೆಂದು ಅಲ್ಲಿ ಓದುತ್ತೇವೆ. ಇಷ್ಟು ಅಧಿಕಾರವುಳ್ಳವನು ಅರಸನೇ ಆಗಿರಬೇಕೆಂದು ನಾವು ನೆನಸುವದು ಸಹಜ. ಆದರೆ ಔಗುಸ್ತನು ರೋಮಿನಲ್ಲಿ ತನ್ನನ್ನು ಅರಸನೆಂದು ಕರೆಸಿಕೊಳ್ಳಲೇ ಇಲ್ಲ. ಹಿರಿಯರ ಸಭೆಯು ಮೊದಲಿನಂತೆ ಕೂಡುತ್ತಿತ್ತು. ವರುಷ ವರುಷವೂ ಅಧಿಕಾರಿಗಳು ನೇಮಕವಾಗುತ್ತಿದ್ದರು. ಹೆಸರೆಲ್ಲಾ ಹಳೆಯದಾಗಿಯೇ ಇತ್ತು. ಅಧಿಕಾರ ಮಾತ್ರ ಒಬ್ಬನ ಕೈಗೆ ಸೇರಿತ್ತು.

ಇಂಥ ಸಂಗತಿಯು ಕಡಲಾಚೆಯ ದೇಶದಲ್ಲಿ ಮಾತ್ರ ನಡೆದದ್ದಲ್ಲ. ಅಜ್ಜೀಪುರ, ಹನೂರು, ಕೊಳ್ಳೇಗಾಲದ ನಮ್ಮ ಸೀಮೆಯು ಮೈಸೂರ ಅರಸರಿಗೆ ಸೇರಿದ್ದ ಕಾಲದಲ್ಲಿ, ಶ್ರೀರಂಗಪಟ್ಟಣದಲ್ಲಿಯೂ ಇದರಂಥದೇ ನಡೆಯಿತು. ಎರಡನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ, ಅಧಿಕಾರವು ಹೆಸರನ್ನು ಬಿಟ್ಟು ಹೇಗೆ ನಡೆದುಹೋಗುತ್ತದೆಂಬುವದು ತಿಳಿದುಬರುವದು.

1. ರೋಮಿನವರ ಏರ್ಪಾಡು

ರೋಮಿನವರು ಕ್ರಿ.ಪೂ. 509ರಲ್ಲಿ ತಮ್ಮ ಕಡೆಯ ಅರಸನನ್ನು ಓಡಿಸಿಬಿಟ್ಟರೆಂಬುವದು ಅವರಲ್ಲಿ ಪರಂಪರೆಯಾಗಿ ಬಂದ ಮಾತು. ಅಂದಿನಿಂದ ಯಾವನೊಬ್ಬನ ಕೈಯಲ್ಲಿಯೂ ಅಧಿಕಾರವು ನೆಲೆಗೊಳ್ಳಬಾರದೆಂದು ಅವರು ಬಹು ಎಚ್ಚರಿಕೆಯಿಂದ ಏರ್ಪಾಡು ಮಾಡಿಕೊಂಡರು. ವರುಷಕ್ಕೊಮ್ಮೆ ಕಾನ್ಸಲರೆಂಬ ಇಬ್ಬರು ಅಧಿಪತಿಗಳನ್ನು ಆರಿಸುವರು. ಒಬ್ಬನು ಮಾಡಿದ್ದನ್ನು ಮತ್ತೊಬ್ಬನು ತಡೆಯಬಹುದು. ವರುಷವು ತೀರಿದ ಮೇಲೆ ಇಬ್ಬರೂ ಇಳಿಯಬೇಕು. ಸೆನೆಟ್ ಎಂಬ ಹಿರಿಯರ ಸಭೆಯು ಆಲೋಚನೆ ಹೇಳುವದು. ಸಾಮಾನ್ಯ ಜನರ ಪಕ್ಷವಾಗಿ ಟ್ರಿಬ್ಯೂನರೆಂಬವರು ನಿಂತು, ಅನ್ಯಾಯದ ಅಪ್ಪಣೆಯನ್ನು ತಡೆಯುವರು. ಮಹಾ ಅಪಾಯವು ಬಂದರೆ ಡಿಕ್ಟೇಟರ್ ಎಂಬ ಒಬ್ಬನಿಗೆ ಸಕಲ ಅಧಿಕಾರವನ್ನು ಕೊಡುವರು. ಆದರೆ ಆರು ತಿಂಗಳಿಗಿಂತ ಹೆಚ್ಚಿಲ್ಲ.

ಇಂಥ ಒಳ್ಳೇ ಏರ್ಪಾಡು ಕೆಟ್ಟದ್ದು ಹೇಗೆ? ಅದು ಹೊಲದಿಂದಲೂ ದಂಡಿನಿಂದಲೂ ಕೆಟ್ಟಿತು. ರೋಮಿನ ದಂಡಿನವರು ಮೊದಲು ತಮ್ಮ ಹೊಲ ಉಳುವ ಒಕ್ಕಲಿಗರೇ. ಯುದ್ಧಗಳು ಕಡಲಾಚೆಗೆ ಹಬ್ಬಿದಾಗ ಅವರು ವರುಷಗಟ್ಟಲೆ ಮನೆಬಿಟ್ಟು ಇರಬೇಕಾಯಿತು. ತಿರಿಗಿ ಬರುವಷ್ಟರಲ್ಲಿ ಎಷ್ಟೋ ಮಂದಿಯ ಹೊಲಗಳು ಬೀಳುಬಿದ್ದಿದ್ದವು, ಇಲ್ಲವೆ ಸಾಲಕ್ಕೆ ಹೋಗಿದ್ದವು. ಐಶ್ವರ್ಯವಂತರು ಅವನ್ನು ಕೂಡಿಸಿಕೊಂಡು, ಯುದ್ಧದಲ್ಲಿ ಹಿಡಿದ ಗುಲಾಮರಿಂದ ಸಾಗುಮಾಡಿಸಿದರು. ಕ್ರಿ.ಪೂ. 133ರಲ್ಲಿ ತಿಬೇರಿಯಸ್ ಗ್ರಾಕಸ್ ಎಂಬ ಟ್ರಿಬ್ಯೂನನು ಬಡವರಿಗೆ ಭೂಮಿಯನ್ನು ಹಂಚಬೇಕೆಂದು ಕಾನೂನು ಮಾಡಿಸಿ, ಅದರ ನಿಮಿತ್ತವೇ ಬೀದಿಗಲಭೆಯಲ್ಲಿ ಕೊಲ್ಲಲ್ಪಟ್ಟನು.

ಕ್ರಿ.ಪೂ. 107ರಲ್ಲಿ ಮಾರಿಯಸನೆಂಬ ಸೇನಾಪತಿಯು ಭೂಮಿಯಿಲ್ಲದವರನ್ನು ದಂಡಿಗೆ ಸೇರಿಸಿಕೊಂಡನು. ಅವರಿಗೆ ಸೇವೆ ತೀರಿದ ಮೇಲೆ ತುಂಡು ಭೂಮಿ ದೊರಕಬೇಕಾದರೆ ತಮ್ಮ ಸೇನಾಪತಿಯೇ ಗತಿ. ಆದಕಾರಣ ಸೆನೆಟಿನ ಮಾತಿಗಿಂತ ಸೇನಾಪತಿಯ ಮಾತು ಅವರಿಗೆ ದೊಡ್ಡದಾಯಿತು. ಕ್ರಿ.ಪೂ. 88ರಲ್ಲಿ ಸುಲ್ಲನೆಂಬವನು ರೋಮಿನ ದಂಡನ್ನು ರೋಮಿನ ಮೇಲೆಯೇ ನಡಿಸಿದನು. ಕ್ರಿ.ಪೂ. 49ರಲ್ಲಿ ಯೂಲಿಯಸ್ ಕೈಸರನೂ ರೂಬಿಕಾನ್ ಎಂಬ ಚಿಕ್ಕ ಹೊಳೆಯನ್ನು ದಾಟಿ ಹಾಗೆಯೇ ಮಾಡಿ, ಕ್ರಿ.ಪೂ. 44ರಲ್ಲಿ ಆರು ತಿಂಗಳಿಗಲ್ಲ, ಜೀವಮಾನವಿಡೀ ಡಿಕ್ಟೇಟರನಾದನು. ಅದೇ ವರುಷ ಮಾರ್ಚ್ 15ರಲ್ಲಿ ಸೆನೆಟಿನವರು ಕೆಲವರು ಅವನನ್ನು ಕೊಂದರು. ಒಬ್ಬನು ಸತ್ತರೆ ಹಳೆಯ ಗಣರಾಜ್ಯವು ತಾನಾಗಿಯೇ ಎದ್ದು ನಿಲ್ಲುವದೆಂದು ಅವರು ಎಣಿಸಿದ್ದರು. ಆದರೆ ದಂಡುಗಳು ಹಾಗೆಯೇ ಇದ್ದವು. ಕ್ರಿ.ಪೂ. 42ರಲ್ಲಿ ಫಿಲಿಪ್ಪಿಯ ಬಳಿಯಲ್ಲಿ ಕೊಂದವರ ಪಕ್ಷವು ಮುರಿದುಬಿತ್ತು. ಪೌಲನೂ ಸೀಲನೂ ಸೆರೆಯಲ್ಲಿ ಹಾಡಿದ ಫಿಲಿಪ್ಪಿ ಪಟ್ಟಣವು ಇದೇ. ಆ ಯುದ್ಧದ ತರುವಾಯ ಸೇವೆ ತೀರಿದ ಸೈನಿಕರಿಗೆ ಅಲ್ಲಿ ಭೂಮಿ ಕೊಟ್ಟು ನೆಲೆಗೊಳಿಸಿದ್ದರಿಂದಲೇ ಅದು ರೋಮಿನವರ ವಸತಿಸ್ಥಾನವಾಯಿತು. ಕೈಸರನ ದತ್ತುಮಗನು ಕ್ರಿ.ಪೂ. 31ರಲ್ಲಿ ಆಕ್ಟಿಯಂ ಎಂಬಲ್ಲಿ ತನ್ನ ಕಡೆಯ ಎದುರಾಳಿಯನ್ನು ಗೆದ್ದನು. ಇವನೇ ಔಗುಸ್ತನು.

2. ಮೈಸೂರಿನ ದಳವಾಯಿಗಳು

ಈಗ ನಮ್ಮ ಸೀಮೆಗೆ ಬರೋಣ. ಮೈಸೂರಿನಲ್ಲಿ ಗಣರಾಜ್ಯವಿರಲಿಲ್ಲ, ಅರಸರೇ ಆಳುತ್ತಿದ್ದರು. ಆದರೂ ಅಧಿಕಾರವು ಜಾರಿಹೋದ ದಾರಿಯು ಒಂದೇ. ಚಿಕ್ಕದೇವರಾಜ ಒಡೆಯರು 1673ರಿಂದ 1704ರ ವರೆಗೆ ರಾಜ್ಯವನ್ನು ತಾವೇ ನೋಡಿಕೊಂಡರು. ಅವರ ತರುವಾಯ ಬಂದವರು ಕೆಲಸವನ್ನು ಬೇರೆಯವರಿಗೆ ಬಿಡುತ್ತಾ ಬಂದದ್ದರಿಂದ, ದಂಡಿನ ಮುಖ್ಯಸ್ಥನಾದ ದಳವಾಯಿಯೂ ಹಣಕಾಸಿನ ಮುಖ್ಯಸ್ಥನೂ ದಿನದಿನಕ್ಕೆ ಬಲಗೊಂಡರು. 1732ರಲ್ಲಿ ಪಟ್ಟಕ್ಕೆ ಬಂದ ಚಾಮರಾಜ ಒಡೆಯರು ಅವರ ಹಿಡಿತವನ್ನು ಬಿಡಿಸಿಕೊಳ್ಳಲು ನೋಡಿದಾಗ, 1734ರಲ್ಲಿ ಅವರನ್ನೇ ಹಿಡಿದು ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟರು. ಅವರು ಅಲ್ಲಿಯೇ ತೀರಿಕೊಂಡರು. ಬಳಿಕ ಒಂದು ಚಿಕ್ಕ ಕೂಸನ್ನು ಸಿಂಹಾಸನದ ಮೇಲೆ ಕೂಡ್ರಿಸಿದರು. ಇವರೇ ಇಮ್ಮಡಿ ಕೃಷ್ಣರಾಜ ಒಡೆಯರು. ಸಿಂಹಾಸನವು ಅಲ್ಲಿಯೇ ಇತ್ತು, ಬಿರುದಾವಳಿಯೂ ಇತ್ತು. ಆಳುತ್ತಿದ್ದವರು ದಳವಾಯಿ ದೇವರಾಜಯ್ಯನೂ ಅವನ ತಮ್ಮನಾದ ಸರ್ವಾಧಿಕಾರಿ ನಂಜರಾಜಯ್ಯನೂ.

ಆದರೆ ಬೇರೊಬ್ಬರ ಹೆಸರಿನಲ್ಲಿ ಆಳುವವನಿಗೂ ಅದೇ ಗತಿ ಬರುವದುಂಟು. ನಂಜರಾಜಯ್ಯನು ತಿರುಚಿರಾಪಳ್ಳಿಯನ್ನು ಹಿಡಿಯಬೇಕೆಂಬ ಆಶೆಯಿಂದ 1752ರಿಂದ ಮೂರು ವರುಷ ದಂಡನ್ನು ಅಲ್ಲಿಯೇ ಇಟ್ಟು ಬೊಕ್ಕಸವನ್ನು ಬರಿದುಮಾಡಿ ಬರಿಗೈಯಲ್ಲಿ ಹಿಂದಿರುಗಿದನು. 1755ರಲ್ಲಿ ಹೈದರಾಬಾದಿನ ಸಲಾಬತ್ ಜಂಗನು ಬಂದು ಕಪ್ಪವನ್ನು ಕೇಳಲು, 56 ಲಕ್ಷ ರೂಪಾಯಿ ಕೊಡಲು ಒಪ್ಪಬೇಕಾಗಿ, ದೇವಸ್ಥಾನಗಳ ಒಡವೆಗಳನ್ನು ಸಹ ತೆಗೆದುಕೊಟ್ಟರು. ಅಣ್ಣತಮ್ಮಂದಿರಲ್ಲಿ ಜಗಳ ಬಿದ್ದು ದೇವರಾಜಯ್ಯನು ಘಟ್ಟದ ಕೆಳಗಿನ ಸತ್ಯಮಂಗಲಕ್ಕೆ ಹೊರಟುಹೋದನು. ಸಂಬಳ ಬಾಕಿಯಾದ ಸೈನಿಕರು 1758ರಲ್ಲಿ ನಂಜರಾಜಯ್ಯನ ಬಾಗಲಲ್ಲಿ ಧರಣಿ ಕೂತರು.

3. ಹೈದರಾಲಿಯು ಬಂದ ದಾರಿ

ಆ ಹೊತ್ತಿನಲ್ಲಿ ಮುಂದೆ ಬಂದವನು ಹೈದರಾಲಿ. ಸಾಮಾನ್ಯ ಸೈನಿಕನಾಗಿ ಸೇರಿ, 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಶೌರ್ಯ ತೋರಿಸಿ, 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾಗಿದ್ದನು. ಓದುಬರಹ ಬಾರದಿದ್ದರೂ ಲೆಕ್ಕವನ್ನು ಬಾಯಲ್ಲಿಯೇ ಹಿಡಿದಿಡುತ್ತಿದ್ದನು. ಅವನು ಬಂದು ಸೈನಿಕರ ಬಾಕಿಯನ್ನು ತೀರಿಸುವ ಭಾರವನ್ನು ಹೊತ್ತುಕೊಂಡನು. ಅದಕ್ಕೆ ಪ್ರತಿಯಾಗಿ ಒಂದೊಂದು ಸೀಮೆಯ ಕಂದಾಯವು ಅವನ ವಶಕ್ಕೆ ಬಂತು. ಸೈನಿಕರು ಸಂಬಳಕ್ಕಾಗಿ ಅರಮನೆಯ ಕಡೆಗೆ ನೋಡುವದನ್ನು ಬಿಟ್ಟು ಹೈದರನ ಕಡೆಗೆ ನೋಡಲಾರಂಭಿಸಿದರು. ವಾಚಕರೇ, ಮಾರಿಯಸನ ಸೈನಿಕರನ್ನು ಇಲ್ಲಿ ಜ್ಞಾಪಕಮಾಡಿಕೊಳ್ಳಿರಿ.

1759ರಲ್ಲಿ ನಂಜರಾಜಯ್ಯನು ಅಧಿಕಾರವನ್ನು ಬಿಡಬೇಕಾಯಿತು. 1760ರಲ್ಲಿ ಅರಮನೆಯವರು ಹೈದರನ ಸ್ವಂತ ಪೇಷ್ಕಾರನಾಗಿದ್ದ ಖಂಡೇರಾಯನ ಸಹಾಯದಿಂದ ಅವನನ್ನು ಹೊರಗಟ್ಟಲು ನೋಡಿದರು. ಹೈದರನು ರಾತ್ರಿಯಲ್ಲಿ ಹೊಳೆಯನ್ನು ದಾಟಿ ಬೆಂಗಳೂರಿಗೆ ತಪ್ಪಿಸಿಕೊಂಡು ಹೋದನು. ಬಳಿಕ ತಾನೇ ಇಳಿಸಿದ್ದ ನಂಜರಾಜಯ್ಯನ ಬಳಿಗೆ ಕೊಣನೂರಿಗೆ ಹೋಗಿ ಕೈಮುಗಿದು ಅವನ ಸಹಾಯವನ್ನು ಸಂಪಾದಿಸಿ, 1761ರಲ್ಲಿ ಖಂಡೇರಾಯನನ್ನು ಸೋಲಿಸಿ ಶ್ರೀರಂಗಪಟ್ಟಣವನ್ನು ಸೇರಿದನು. ಆಗ ಅವನು ಅರಸರಿಗೆ ಹೇಳಿ ಕಳುಹಿಸಿದ್ದು ಬಹು ವಿನಯದ ಮಾತು: ತನಗೆ ಬರತಕ್ಕ ಬಾಕಿ ಹಣ ತೀರಲಿ, ಆಮೇಲೆ ಸೇವೆಯಲ್ಲಿ ಇಟ್ಟುಕೊಂಡರೆ ಇರುವೆನು, ಇಲ್ಲದಿದ್ದರೆ ಬೇರೆ ಕಡೆಗೆ ಹೋಗುವೆನು ಎಂಬದೇ ಅದರ ತಾತ್ಪರ್ಯ. ಬಾಕಿ ತೀರಿಸಲು ಅರಮನೆಯಲ್ಲಿ ಹಣವಿರಲಿಲ್ಲ. ಅರಸರ ಸ್ವಂತ ಖರ್ಚಿಗೆ ಸ್ವಲ್ಪ ಸೀಮೆಯನ್ನು ಬಿಟ್ಟು, ಮಿಕ್ಕ ರಾಜ್ಯವೆಲ್ಲಾ ಹೈದರನ ಕೈಗೆ ಬಂತು.

ಆದರೆ ಅವನು ಸಿಂಹಾಸನವನ್ನು ಏರಲಿಲ್ಲ. ವರುಷಕ್ಕೊಮ್ಮೆ ದಸರೆಯಲ್ಲಿ ಒಡೆಯರು ಜನರಿಗೆ ದರ್ಶನ ಕೊಡುತ್ತಿದ್ದರು. ಒಬ್ಬ ಒಡೆಯರು ತೀರಿಕೊಂಡರೆ ಮತ್ತೊಬ್ಬರನ್ನು, 1766ರಲ್ಲಿಯೂ 1770ರಲ್ಲಿಯೂ 1776ರಲ್ಲಿಯೂ, ಹೈದರನೇ ಕೂಡ್ರಿಸಿದನು. ಅವನು ಅಚ್ಚುಹಾಕಿಸಿದ ವರಹದ ಒಂದು ಮುಖದಲ್ಲಿ ಹಳೆಯ ಇಕ್ಕೇರಿಯ ವರಹದಲ್ಲಿದ್ದಂತೆ ಶಿವಪಾರ್ವತಿಯರ ರೂಪವೇ ಇತ್ತು. ಹಿಂದಿನ ಮುಖದಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಅಕ್ಷರವನ್ನು ಪಾರಸಿಯಲ್ಲಿ ಹಾಕಿಸಿದನು. ಆ ಕಾಲವನ್ನೆಲ್ಲಾ ಆ ಚಿಕ್ಕ ನಾಣ್ಯದಲ್ಲಿ ಓದಬಹುದು: ಮುಂದೆ ಹಳೆಯ ರೂಪ, ಹಿಂದೆ ಹೊಸ ಅಧಿಕಾರ.

4. ಔಗುಸ್ತನ ಕುಶಲತೆ

ಔಗುಸ್ತನೂ ಇದನ್ನೇ ಮಾಡಿದ್ದನು. ಕ್ರಿ.ಪೂ. 27ರಲ್ಲಿ ಅವನು ಸೆನೆಟಿನ ಮುಂದೆ ನಿಂತು ಅಧಿಕಾರವನ್ನೆಲ್ಲಾ ಹಿಂದಕ್ಕೆ ಕೊಟ್ಟುಬಿಡುವೆನೆಂದನು. ಅವರು ಅವನಿಗೆ ಔಗುಸ್ತನೆಂಬ ಬಿರುದನ್ನು ಕೊಟ್ಟು, ಗಲಭೆಯುಳ್ಳ ಪ್ರಾಂತಗಳನ್ನಾದರೂ ನೋಡಿಕೋ ಎಂದು ಬೇಡಿಕೊಂಡರು. ಆ ಪ್ರಾಂತಗಳಲ್ಲಿಯೇ ದಂಡಿನ ಬಹು ಭಾಗವಿತ್ತು. ಲೂಕನು ಹೆಸರಿಸುವ ಸಿರಿಯವು ಅವುಗಳಲ್ಲಿ ಒಂದು. ಕ್ರಿ.ಪೂ. 23ರಲ್ಲಿ ಬಡವರ ಪಕ್ಷದ ಟ್ರಿಬ್ಯೂನರ ಅಧಿಕಾರವೂ ಜೀವಮಾನದ ತನಕ ಅವನಿಗೆ ದೊರಕಿತು. ಹೀಗೆ ಜನರನ್ನು ಕಾಯುವದಕ್ಕೆ ಮಾಡಿದ್ದ ಬೇಲಿಯೇ ಅವನ ಕೋಟೆಯಾಯಿತು. ಕ್ರಿ.ಶ. 6ರಲ್ಲಿ ಸೇವೆ ತೀರಿದ ಸೈನಿಕರಿಗೆ ಹಣ ಕೊಡಲು ಬೇರೊಂದು ಬೊಕ್ಕಸವನ್ನೇ ಏರ್ಪಡಿಸಿದನು. ಕ್ರಿ.ಶ. 14ರಲ್ಲಿ ಅವನು ಸತ್ತಾಗ, ಗಣರಾಜ್ಯವನ್ನು ಕಣ್ಣಾರೆ ಕಂಡವರು ಬಹಳ ಮಂದಿ ಉಳಿದಿರಲಿಲ್ಲ. ತಿಬೇರಿಯನು ಅವನ ಸ್ಥಾನಕ್ಕೆ ಬಂದನು. ಅದೇ ವರುಷ ಅಧಿಕಾರಿಗಳನ್ನು ಆರಿಸುವ ಹಕ್ಕು ಜನರ ಕೂಟದಿಂದ ಸೆನೆಟಿಗೆ ಹೋಯಿತು.

ಜನರು ಯಾಕೆ ಸುಮ್ಮನಿದ್ದರು? ಯಾಕಂದರೆ ಅವರು ದಣಿದಿದ್ದರು. ಅನೇಕ ವರುಷಗಳ ಕಲಹದ ತರುವಾಯ ಸಮಾಧಾನ ಬಂತು, ದಾರಿಗಳು ನಿರ್ಭಯವಾದವು, ಧಾನ್ಯ ದೊರಕಿತು. ಹೈದರನ ಕಾಲದಲ್ಲಿಯೂ ಮೈಸೂರು ಹಿಂದೆಂದೂ ಇಲ್ಲದಷ್ಟು ದೊಡ್ಡ ರಾಜ್ಯವಾಯಿತು. ಸಮರ್ಥನಾದವನು ಆಳಿದರೆ ಕೆಲಸ ಬೇಗ ಸಾಗುತ್ತದೆಂಬ ಮಾತನ್ನು ನಾವು ಅಲ್ಲಗಳೆಯಲಾರೆವು. ಆದರೆ ಸಮರ್ಥನ ತರುವಾಯ ಬರುವವನು ಯಾರು? ಅವನನ್ನು ತಡೆಯುವವರು ಯಾರು? ತಡೆಯುವ ಅಭ್ಯಾಸವು ತಪ್ಪಿಹೋದ ಮೇಲೆ ಅದು ಬೇಕಾದ ದಿನದಲ್ಲಿ ಸಿಕ್ಕುವದಿಲ್ಲ. ಕ್ರಿ.ಶ. 69ರಲ್ಲಿ ರೋಮಿನ ದಂಡುಗಳು ಒಂದೇ ವರುಷದಲ್ಲಿ ನಾಲ್ಕು ಮಂದಿ ಚಕ್ರವರ್ತಿಗಳನ್ನು ಕಂಡವು. ಮೈಸೂರಿನಲ್ಲಿ 1796ರಲ್ಲಿ ಒಡೆಯರು ತೀರಿಕೊಂಡಾಗ ಹೈದರನ ಮಗನಾದ ಟೀಪುವು ಮತ್ತೊಬ್ಬರನ್ನು ಕೂಡ್ರಿಸಲಿಲ್ಲ. ಉಳಿದಿದ್ದ ಹೆಸರೂ ಹೋಯಿತು. 1799ನೇ ಮೇ 4ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಟೀಪುವು ಯುದ್ಧದಲ್ಲಿ ಮಡಿದನು. ಇಂಗ್ಲಿಷ್ ಕಂಪನಿಯವರು ಐದು ವರುಷದ ಮಗುವನ್ನು ಮೈಸೂರಿನ ಸಿಂಹಾಸನದಲ್ಲಿ ಕೂಡ್ರಿಸಿ, ನಮ್ಮ ಕೊಳ್ಳೇಗಾಲದ ಸೀಮೆಯನ್ನು ತಾವೇ ತೆಗೆದುಕೊಂಡು ಕೊಯಮುತ್ತೂರು ಜಿಲ್ಲೆಗೆ ಸೇರಿಸಿದರು. 1956ರ ವರೆಗೆ ಅದು ಮೈಸೂರಿಗೆ ಹಿಂದಿರುಗಲಿಲ್ಲ. ಈ ಯಾವ ಬದಲಾವಣೆಯಲ್ಲಿಯೂ ಉಳುವವನನ್ನು ಕೇಳಿದವರಿಲ್ಲ.

5. ನಾವು ಕಲಿಯತಕ್ಕದ್ದು

ಅಧಿಕಾರವು ಯಾರ ಬಳಿಯಲ್ಲಿದೆಯೆಂದು ತಿಳಿಯಬೇಕಾದರೆ ಹೆಸರನ್ನು ಕೇಳಬಾರದು. ಮೂರು ಸಂಗತಿಗಳನ್ನು ಕೇಳಬೇಕು. ಹಣದ ಲೆಕ್ಕವು ಯಾರ ಕೈಯಲ್ಲಿದೆ? ಕೂಲಿಯನ್ನೂ ಸಂಬಳವನ್ನೂ ಜನರು ಯಾರಿಂದ ನಿರೀಕ್ಷಿಸುತ್ತಾರೆ? ಅವಧಿ ತೀರಿದಾಗ ಅವನು ಇಳಿಯುವನೋ?

ನಮ್ಮ ದೇಶವು 1950ನೇ ಜನವರಿ 26ರಲ್ಲಿ ಗಣರಾಜ್ಯವಾಯಿತು. ಗ್ರಾಮ ಪಂಚಾಯಿತಿಗೆ ಐದು ವರುಷದ ಅವಧಿಯುಂಟು; ಹೆಂಗಸರಿಗೂ ಪರಿಶಿಷ್ಟರಿಗೂ ಮೀಸಲು ಸ್ಥಾನಗಳುಂಟು; ಗ್ರಾಮಸಭೆಯಲ್ಲಿ ಲೆಕ್ಕ ಕೇಳುವ ಹಕ್ಕು ಪ್ರತಿಯೊಬ್ಬ ಮತದಾರನಿಗೂ ಉಂಟು. ಆದರೂ ಕೆಲವು ಊರುಗಳಲ್ಲಿ ನಡೆಯುವದೇನು? ಆರಿಸಿ ಬಂದವಳು ಹೆಂಡತಿ, ಕುರ್ಚಿಯಲ್ಲಿ ಕೂಡುವವನು ಗಂಡ. ಮೀಸಲು ಸ್ಥಾನದಲ್ಲಿ ಗೆದ್ದವನು ಒಬ್ಬ ಬಡವ, ರುಜು ಎಲ್ಲಿ ಹಾಕಬೇಕೆಂದು ತೋರಿಸುವವನು ಸಾಲ ಕೊಟ್ಟ ದೊಡ್ಡ ಮನುಷ್ಯ. ಇದು ದಸರೆಯ ದರ್ಶನವಲ್ಲದೆ ಮತ್ತೇನು? ನಮ್ಮ ಸಂಘಗಳಲ್ಲಿಯೂ ಸಭೆಯ ಆಡಳಿತದಲ್ಲಿಯೂ ಒಬ್ಬನೇ ಹತ್ತಾರು ವರುಷ ಪೆಟ್ಟಿಗೆಯ ಬೀಗದ ಕೈಯನ್ನು ಹಿಡಿದಿದ್ದರೆ, ಅವನು ಎಷ್ಟು ಒಳ್ಳೆಯವನಾಗಿದ್ದರೂ, ಮಿಕ್ಕವರು ಕೆಲಸವನ್ನು ಮರೆತುಬಿಡುತ್ತಾರೆ. ಮೈಸೂರಿನ ಅರಸರು ಮೊದಲು ಸಿಂಹಾಸನವನ್ನು ಕಳೆದುಕೊಳ್ಳಲಿಲ್ಲ. ಮೊದಲು ಕಳೆದುಕೊಂಡದ್ದು ಲೆಕ್ಕದ ಪುಸ್ತಕವನ್ನು.

ಆದಕಾರಣ ಕರೆದ ಸಭೆಗೆ ಹೋಗಿರಿ. ಓದಬಲ್ಲವರು ಲೆಕ್ಕವನ್ನು ಗಟ್ಟಿಯಾಗಿ ಓದಿರಿ, ಓದಲಾರದವರು ಕೇಳಿರಿ. ಆರಿಸಿ ಬಂದ ಅಕ್ಕನು ತಾನೇ ಕುರ್ಚಿಯಲ್ಲಿ ಕೂತು ಮಾತಾಡುವಂತೆ ಅವಳಿಗೆ ಧೈರ್ಯ ಹೇಳಿರಿ. ಅವಧಿ ತೀರಿದವರಿಗೆ ವಂದನೆ ಹೇಳಿ ಕೆಲಸವನ್ನು ಮತ್ತೊಬ್ಬರಿಗೆ ಒಪ್ಪಿಸಿರಿ. ಇವು ಚಿಕ್ಕ ಕೆಲಸಗಳು. ಆದರೆ ರೋಮಿನವರು ಬಿಟ್ಟುಕೊಟ್ಟದ್ದು ಇಂಥ ಚಿಕ್ಕ ಕೆಲಸಗಳನ್ನೇ.

ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

1. ರೋಮಿನವರು ಒಬ್ಬನೇ ಬಲಗೊಳ್ಳದಂತೆ ಯಾವ ಯಾವ ತಡೆಗಳನ್ನು ಇಟ್ಟುಕೊಂಡಿದ್ದರು?
2. ಮಾರಿಯಸನ ಸೈನಿಕರಿಗೂ ಹೈದರಾಲಿಯ ಸೈನಿಕರಿಗೂ ಇದ್ದ ಹೋಲಿಕೆ ಯಾವದು?
3. ಕೈಸರನನ್ನು ಕೊಂದರೂ ಗಣರಾಜ್ಯವು ಯಾಕೆ ಹಿಂದಿರುಗಲಿಲ್ಲ?
4. ನಮ್ಮ ಊರಿನ ಪಂಚಾಯಿತಿಯ ಲೆಕ್ಕವನ್ನು ಕಡೆಯ ಸಾರಿ ಗ್ರಾಮಸಭೆಯಲ್ಲಿ ಓದಿದ್ದು ಯಾವಾಗ? ನಮ್ಮಲ್ಲಿ ಎಷ್ಟು ಮಂದಿ ಅಲ್ಲಿದ್ದೆವು?